ಮಹಡಿಯ ಮೇಲಿನ ಓದು

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕಿದೆ? ಅವಳ ಬಣ್ಣಕ್ಕಲ್ಲ, ಒಡವೆಗಲ್ಲ. ನನ್ನ ಎಂಟು ವರ್ಷದ ಮಗಳು ಅವಳ ಹತ್ತಿರ ಓದುತ್ತಾಳೆ, ನನ್ನ ಹತ್ತಿರ ಓದುವುದಿಲ್ಲ. ಅದಕ್ಕೆ.

ಮುಂದಿನ ಸೋಮವಾರ ಶಾಲೆಯಲ್ಲಿ ಓದಿನ ಪರೀಕ್ಷೆಯಿತ್ತು. ಒಂದು ಪುಟ ಗಟ್ಟಿಯಾಗಿ ಓದಬೇಕು, ಓದದಿದ್ದರೆ ಇನ್ನೊಂದು ವರ್ಷ ಅದೇ ತರಗತಿ, ಜೊತೆಗೆ ಮನೆಯವರು ಒಬ್ಬರು ಬರಬೇಕು ಎಂದು ಮೇಡಂ ಹೇಳಿ ಕಳಿಸಿದ್ದರು. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಹನ್ನೊಂದು ವರ್ಷದಿಂದ ದಿನಕ್ಕೆ ಎಂಟು ಗಂಟೆ ಕಲ್ಲಿನ ಹಾಗೆ ಕೂತು ಕೆಲಸ ಮಾಡುತ್ತೇನೆಂಬ ಹೆಮ್ಮೆ ನನಗೆ. ಅದಕ್ಕೇ ಮಗಳನ್ನೂ ಕುರ್ಚಿಯಲ್ಲಿ ಕೂರಿಸಿ, ಜಾರಿ ಓಡದಂತೆ ಕುರ್ಚಿಯನ್ನು ಮೇಜಿಗೆ ಒತ್ತಿಬಿಡುತ್ತಿದ್ದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಸೊಂಟ ತಿರುಗುತ್ತಿತ್ತು, ಮೂರನೆಯದಕ್ಕೆ ಮೊಣಕಾಲು ಮೇಲೇರುತ್ತಿತ್ತು. ನಾನು ಗದರುತ್ತಿದ್ದೆ. ಅವಳು ನೆಟ್ಟಗೆ ಕೂರುತ್ತಿದ್ದಳು, ಓದು ಅಲ್ಲಿಗೇ ನಿಲ್ಲುತ್ತಿತ್ತು.

ಓರಗಿತ್ತಿ ಮಹಡಿಯ ಮೇಲೆ ಬಟ್ಟೆ ಹೊಲಿಯುತ್ತಾಳೆ. ಗುರುವಾರ ಸಂಜೆ ತಲೆಯ ಮೇಲೆ ದಬದಬ ಹೆಜ್ಜೆ ಕೇಳಿ ಹತ್ತಿ ಹೋದೆ. ನನ್ನ ಮಗಳು ಪುಸ್ತಕ ಹಿಡಿದು, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ಸುತ್ತುತ್ತಾ ಓದುತ್ತಿದ್ದಳು. ನೀರು ಕುಡಿದಷ್ಟು ಸಲೀಸಾಗಿ. ಓರಗಿತ್ತಿಯೂ ಕತ್ತರಿ ಆಡಿಸುತ್ತಾ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗುತ್ತಾ ಹೂಂಗುಟ್ಟುತ್ತಿದ್ದಳು. ನಾನು ಸಂತೋಷಪಡಬೇಕಿತ್ತು. ಆದರೆ ಮೈಯೆಲ್ಲ ಉರಿಯಿತು. ಅವಳಿಗೇ ಇಬ್ಬರು ಗಂಡುಮಕ್ಕಳಿದ್ದಾರೆ, ಅವರು ಸಾಲದೆ ನನಗಿರುವ ಒಬ್ಬಳನ್ನೂ ಬಾಚಿಕೊಳ್ಳಬೇಕೇ?

ಓದುವುದೆಂದರೆ ಗಾಣ ಸುತ್ತುವುದಲ್ಲ ಎಂದು ಮಗಳ ರಟ್ಟೆ ಹಿಡಿದೆ.

"ಅಕ್ಕ, ಅಲ್ಲಾಡದೆ ಕೂರೋದಕ್ಕೇ ಅವಳ ಶಕ್ತಿಯೆಲ್ಲ ಖರ್ಚಾಗುತ್ತೆ. ಇನ್ನು ಓದೋದಕ್ಕೆ ಎಲ್ಲಿಂದ ತರ್ತಾಳೆ?" ಎಂದಳು ಓರಗಿತ್ತಿ.

ನಾನು ಕೂತೇ ಓದಿದ್ದು, ಕೂತೇ ದುಡಿಯುತ್ತಿರುವುದು ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ. ಹಾಗಾದರೆ ನಾಳೆ ಒಂದು ಗಂಟೆ ಕೈಕಾಲು ಅಲ್ಲಾಡಿಸದೆ ಕೂತು ನೋಡಿ ಎಂದು ನಕ್ಕಳು. ಆ ನಗುವಿಗೆ ಇನ್ನಷ್ಟು ಉರಿದುಕೊಂಡೆ.

ಪ್ರೆಸ್ಸಿನಲ್ಲಿ ನಮ್ಮದು ಜೋಡಿ ಕೆಲಸ. ಎಲ್ಲರೂ ಮಾವ ಎಂದು ಕರೆಯುವ ಹಿರಿಯರೊಬ್ಬರು ಎದುರು ಕೂತು ಲೇಖಕರ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ; ನಾನು ಅಚ್ಚಾದ ಹಾಳೆಯಲ್ಲಿ ತಪ್ಪು ಹುಡುಕುತ್ತೇನೆ. ಶುಕ್ರವಾರ ಹಟಕ್ಕೆ ಬಿದ್ದು, ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದು ಕೂತೆ. ಎರಡು ಪುಟ ಓದಿ ಮಾವ ಕನ್ನಡಕ ತೆಗೆದರು. ಹುಷಾರಿಲ್ಲವೇ ಎಂದು ಕೇಳಿದರು. ಯಾಕೆ ಎಂದೆ.

"ಕಾಲು ಆಡಿಸ್ತಿಲ್ಲವಲ್ಲಮ್ಮ. ಹನ್ನೊಂದು ವರ್ಷದಿಂದ ಈ ಮೇಜು ಅಲ್ಲಾಡ್ತಾನೇ ಇದೆ. ಅದು ನಿಂತ್ರೆ ನಿನಗೆ ತಪ್ಪು ಸಿಕ್ತು ಅಂತ ನಾನೂ ಓದೋದು ನಿಲ್ಲಿಸ್ತೀನಿ. ಇವತ್ತು ಎಲ್ಲಿ ನಿಲ್ಲಿಸ್ಬೇಕೋ ಗೊತ್ತಾಗ್ತಿಲ್ಲ."

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಐದು ತಪ್ಪು ಬಿಟ್ಟಿದ್ದೆ. ಅದರಲ್ಲೊಂದು ಲೇಖಕರ ಹೆಸರೇ. ಕಾಲನ್ನು ಹಿಡಿದಿಡುವುದರಲ್ಲೇ ನನ್ನ ಗಮನವೆಲ್ಲ ಹೋಗಿತ್ತು. ಓರಗಿತ್ತಿ ಹೇಳಿದ್ದು ಅಕ್ಷರಶಃ ನಿಜ. ಅವಳು ಹೇಳಿದ್ದಕ್ಕೇ ಅದನ್ನು ನುಂಗಿಕೊಳ್ಳುವುದು ನನಗೆ ಕಷ್ಟವಾಯಿತು.

ಸಂಜೆ ಮನೆಗೆ ಬಂದವಳೇ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ನಡೆಯುತ್ತಲೇ ಓದು ಮಗಳೇ ಎಂದೆ. ಅವಳು ನಂಬದೆ ನನ್ನನ್ನು ನೋಡಿದಳು. ನಾಲ್ಕು ಹೆಜ್ಜೆ ಇಟ್ಟು ಎರಡು ಸಾಲು ಓದಿದಳು. ಪ್ರತಿ ಹೆಜ್ಜೆಗೂ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ಯಾರೂ ಹೇಳದೆಯೇ ಹೋಗಿ ಕುರ್ಚಿಯಲ್ಲಿ ಕೂತಳು, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು. ಓದು ನಿಂತಿತು.

ಸೋಮವಾರ ನಾನೇ ಬರುತ್ತೇನೆ, ನೀನು ನಡೆದಾಡುತ್ತಾ ಓದುತ್ತೀಯೆಂದು ಮೇಡಂಗೆ ನಾನೇ ಹೇಳುತ್ತೇನೆ ಎಂದೆ. ಅವಳು ಪುಟದ ತುದಿಯನ್ನು ಮಡಿಸಿ ಬಿಚ್ಚಿದಳು.

"ಚಿಕ್ಕಮ್ಮ ಬರ್ಲಿ ಅಮ್ಮ. ನಿನ್ನ ನೋಡಿದ್ರೆ ನಾನು ಕೂತ್ಬಿಡ್ತೀನಿ."

ಕೋಪದಿಂದ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಹೊಟ್ಟೆಯಲ್ಲಿ ಕಿಚ್ಚು ಆರಿರಲಿಲ್ಲ, ಹೆಚ್ಚೇ ಆಗಿತ್ತು. ಅದನ್ನು ಹೊತ್ತುಕೊಂಡೇ ಮಹಡಿ ಹತ್ತಿ, ಸೋಮವಾರ ಮಗಳ ಜೊತೆ ನೀನೇ ಹೋಗಬೇಕು ಎಂದು ಓರಗಿತ್ತಿಯನ್ನು ಕೇಳಿಕೊಂಡೆ.