ಡಿ.ಎ. ತಲೆಗೆ ಮೈಸೂರು ಪೇಟ

"ಯಾರನ್ನ ಕೇಳಿ ಆ ಮುಂಡೇಗಂಡನ ತಲೆಗೆ ಪೇಟ ಇಟ್ಟೆ?"

"ಭಾವ, ಕೂಗ್ಬೇಡಿ. ಪಕ್ಕದ್ಮನೆಯವ್ರು ಪೊಲೀಸ್‌ಗೆ ಕಾಲ್ ಮಾಡ್ತಾರೆ."

"ಮಾಡ್ಲಿ! ಬಂದವ್ರಿಗೂ ಒಂದೊಂದು ಶಾಲು ಹೊದಿಸಿ ಕಳ್ಸು. ನಿನ್ಹತ್ರ ಸ್ಟಾಕ್ ಇರುತ್ತಲ್ಲ."

ಮಹಾಂತಪ್ಪ ಊಟದ ಮೇಜಿನ ಮೇಲಿದ್ದ ಚುನಾವಣಾ ಕರಪತ್ರವನ್ನು ಕುಟ್ಟಿದ. ಅಂದಿನ ಅಂಚೆಯಲ್ಲಿ ಬಂದದ್ದು ಅದು. ಅಮೆರಿಕದ ಆ ಕೌಂಟಿಯ ಮುಖ್ಯ ಸರ್ಕಾರಿ ವಕೀಲ, ಎಲ್ಲರ ಬಾಯಲ್ಲಿ ಡಿ.ಎ., ಹೋಲ್ಡನ್ ಮೈಸೂರು ಪೇಟ ತೊಟ್ಟು, ಗಂಧದ ಹಾರ ಹಾಕಿಕೊಂಡು ನಗುತ್ತಿದ್ದ. ಪಕ್ಕದಲ್ಲಿ ಕೈಮುಗಿದು ನಿಂತವನು ರವಿಶಂಕರ್, ಕನ್ನಡ ಸಂಘದ ಅಧ್ಯಕ್ಷ, ಮಹಾಂತಪ್ಪನ ಹೆಂಡತಿ ಉಷಾಳ ಖಾಸಾ ತಮ್ಮ. ಕೆಳಗೆ ದಪ್ಪ ಅಕ್ಷರದಲ್ಲಿ: ಉಷಾಳ ಕುಟುಂಬ ನನ್ನ ಜೊತೆಗಿದೆ.

ಮಾರ್ಚ್‌ನಲ್ಲಿ ರಸ್ತೆ ದಾಟುತ್ತಿದ್ದ ಉಷಾಳ ಮೇಲೆ ಒಬ್ಬ ಟ್ರಕ್ ಹರಿಸಿ ಕೊಂದಿದ್ದ. ಕುಡಿದಿದ್ದ ಎಂದು ನೋಡಿದವರೆಲ್ಲ ಹೇಳಿದರು. ಹೋಲ್ಡನ್ ಕುಡಿತದ ಮಾತನ್ನೇ ಕೈಬಿಟ್ಟು, ಅಜಾಗರೂಕತೆಯ ಸಣ್ಣ ಕೇಸು ಹಾಕಿ ಕೈತೊಳೆದುಕೊಂಡ. ಈ ಚುನಾವಣೆಯಲ್ಲಿ ಅವನ ಎದುರು ನಿಂತಿದ್ದ ಪ್ರುಯಿಟ್ ಎಂಬ ವಕೀಲೆ, ತಾನು ಗೆದ್ದರೆ ದೊಡ್ಡ ಕೇಸು ಹಾಕುತ್ತೇನೆಂದು ಸಭೆಸಭೆಯಲ್ಲೂ ಹೇಳಿದ್ದಳು. ಮಹಾಂತಪ್ಪನ ಮಗಳು ಮಾನ್ಯಾ ಅವಳ ಪರವಾಗಿ ಮನೆಮನೆ ಬಾಗಿಲು ತಟ್ಟುತ್ತಿದ್ದಳು. ಮತದಾನ ಮಂಗಳವಾರ.

"ಒಳ್ಳೇದಕ್ಕೇ ಮಾಡಿದ್ದು ಭಾವ," ರವಿಶಂಕರ್ ಅಂದ. "ಗಣೇಶನ ಹಬ್ಬಕ್ಕೆ ಚೀಫ್ ಗೆಸ್ಟ್ ಅಂತ ಕರೆದೆ. ಸನ್ಮಾನ ಆದ್ಮೇಲೆ ಸೈಡಿಗೆ ಕರ್ಕೊಂಡು ಹೋಗಿ ಅಕ್ಕನ ವಿಷಯ ಎತ್ತಿದೆ. ಊರಲ್ಲಿ ಎಸ್ಪಿ, ತಹಶೀಲ್ದಾರ್ರಿಗೆಲ್ಲ ಹೀಗೇ ಅಲ್ವಾ ಮಾಡ್ತಿದ್ದಿದ್ದು? ಶಾಲು ಹೊದಿಸಿದೋರ ಕೆಲಸ ಆಗ್ತಿತ್ತು."

"ಏನಂದ ನಿನ್ನ ತಹಶೀಲ್ದಾರ?"

"ಐ ಹಿಯರ್ ಯು ಅಂದ."

"ಕಿವಿ ಇದೆ ಅಂತ ಗೊತ್ತಾಯ್ತು. ಸಾಕಲ್ಲ!"

ಮಾನ್ಯಾ ಮಹಡಿಯಿಂದ ಇಳಿದು ಬಂದಳು. ಅವಳ ಕೈಯಲ್ಲಿ ಫೋನಿತ್ತು.

"ಮಾವ, ಒಂದು ವಿಡಿಯೋ. ಪ್ಲೀಸ್. ಅಮ್ಮನ ಫ್ಯಾಮಿಲಿ ಅವನ ಜೊತೆ ಇಲ್ಲ ಅಂತ ಹೇಳು, ಅಷ್ಟೇ. ಈಗ್ಲೇ ಪೋಸ್ಟ್ ಮಾಡ್ತೀನಿ. ಇವತ್ತು ಜನ ನನ್ ಮುಖಕ್ಕೇ ಡೋರ್ ಹಾಕಿದ್ರು. ಯುವರ್ ಓನ್ ಅಂಕಲ್ ಲೈಕ್ಸ್ ಹಿಮ್ ಅಂದ್ರು."

ರವಿಶಂಕರ್ ಮುಖ ಒರೆಸಿಕೊಂಡ. "ಅವನೇ ಗೆದ್ದುಬಿಟ್ರೆ ಪುಟ್ಟಿ? ಇರೋ ಸಣ್ಣ ಕೇಸನ್ನೂ ಮುಚ್ಚಾಕ್ತಾನೆ. ಸಂಘದಲ್ಲೂ ಅರ್ಧ ಜನ ಅವನ ಕಡೆ. ನನ್ ಕೈಲಾಗಲ್ಲ."

"ಥೂ, ಹೇಡಿ!" ಎಂದ ಮಹಾಂತಪ್ಪ. "ಒಡಹುಟ್ಟಿದೋಳು ಕಣೋ ಅವಳು!"

"ಓಕೆ," ಮಾನ್ಯಾ ಫೋನನ್ನು ಅಪ್ಪನ ಕಡೆ ತಿರುಗಿಸಿದಳು. "ಅಪ್ಪ, ನೀನ್ ಹೇಳು."

ಇಷ್ಟು ಹೊತ್ತು ಮನೆಯ ಗೋಡೆ ಬಿರಿಯುವಂತೆ ಕೂಗಿದವನು ಕರಪತ್ರವನ್ನು ಮಡಿಸಿ ಪಕ್ಕಕ್ಕಿಟ್ಟ. ಫೋನನ್ನೇ ನೋಡಿದ. ಕಿಟಕಿಯ ಕಡೆ ನೋಡಿದ.

"ಅಪ್ಪ?"

"ನನ್ ಸಿಟಿಜನ್‌ಶಿಪ್ ಇಂಟರ್‌ವ್ಯೂ ಒಂದು ಮುಗೀಲಿ ಪುಟ್ಟಿ. ಸರ್ಕಾರಿ ವಕೀಲನ ಮೇಲೆ ಬಿದ್ದು, ನಾಳೆ ಅದಕ್ಕೇನಾದ್ರೂ ಆದ್ರೆ... ಜನವರೀಲಿ ಮುಗಿಯತ್ತೆ. ಆಮೇಲೆ ಎಷ್ಟು ವಿಡಿಯೋ ಬೇಕಾದ್ರೂ ಮಾಡು."

"ಎಲೆಕ್ಷನ್ ಟ್ಯೂಸ್‌ಡೇ ಅಪ್ಪ."

"ಭಾವ ಹೇಳ್ತಿರೋದು ಸರಿ," ಎಂದ ರವಿಶಂಕರ್. ಅವತ್ತು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಮಾನ್ಯಾ ಇಬ್ಬರನ್ನೂ ನೋಡಿದಳು. ಅಳಲಿಲ್ಲ. ಫೋನ್ ಜೇಬಿಗಿಟ್ಟು, ಮೇಲೆ ಹೋಗಿ ಬಟ್ಟೆ ತುಂಬಿದ ಬ್ಯಾಗು ಹಿಡಿದುಕೊಂಡು ಬಂದಳು.

"ಎಲ್ಲಿಗೆ ಹೊರಟೆ?" ಮಹಾಂತಪ್ಪ ಕೇಳಿದ.

"ಫೋರ್ಟ್ ಮಿಲ್. ಫ್ರೆಂಡ್ ಅಕ್ಷಯಾ ಮನೆಗೆ."

"ಈಗ ಸಿಟ್ಟಲ್ಲಿ ಅಷ್ಟು ದೂರ ಡ್ರೈವ್ ಮಾಡ್ಬೇಡ. ಊಟ ಮಾಡ್ಕೊಂಡಾದ್ರೂ ಹೋಗು. ಸಾರು ಬಿಸಿ ಮಾಡ್ತೀನಿ."

ಅವಳು ಬಾಗಿಲನ್ನು ದಢಾರನೆ ಹಾಕಿಕೊಳ್ಳಲಿಲ್ಲ. ಮೆಲ್ಲಗೆ ಎಳೆದುಕೊಂಡು ಹೋದಳು.

ಮಂಗಳವಾರ ಹೋಲ್ಡನ್ ಗೆದ್ದ. ಡಿಸೆಂಬರ್‌ನಲ್ಲಿ ಟ್ರಕ್ಕಿನವನು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋದ. ಜನವರಿಯಲ್ಲಿ ಇಂಟರ್‌ವ್ಯೂ ಸಲೀಸಾಗಿ ಮುಗಿಯಿತು. ಹೋಲ್ಡನ್ನನ ಹೆಸರನ್ನು ಅಲ್ಲಿ ಯಾರೂ ಎತ್ತಲೇ ಇಲ್ಲ. ಮಹಾಂತಪ್ಪ ಹೊರಗೆ ಬಂದು, ಕಾರಿನಲ್ಲಿ ಕೂತು ಮಗಳಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮನೆಗೂ ಬರಲಿಲ್ಲ.