ಕೆಂಪು ಪಟ್ಟಿ

"ಪಟ್ಟಿ ಎಲ್ಲೇ ಲೌಡಿ? ಕಾಲಲ್ಲಿ ಪಟ್ಟಿ ಎಲ್ಲೇ?"

ಡ್ವೇನ್ ಧಣಿ ನಾನೂರ ಹನ್ನೆರಡನೇ ನಂಬರಿನ ಹಸುವಿನ ಹಿಂಗಾಲು ತೋರಿಸಿ ಅರಚುತ್ತಿದ್ದ. ಹಾಲು ಕರೆಯುವ ಕೆಲಸದ ಮಿಕಾಯೆಲಾ ಅದರ ಕೆಚ್ಚಲಿಗೆ ಹಚ್ಚಲಿದ್ದ ಯಂತ್ರವನ್ನು ತಟ್ಟನೆ ಕೆಳಗಿಳಿಸಿದಳು. ಬೆಳಿಗ್ಗೆ ಆ ಹಸುವಿನ ಕೆಚ್ಚಲು ಬಾವು ಕಂಡುಹಿಡಿದವಳೂ ಅವಳೇ. ಮೊದಲ ಧಾರೆಯಲ್ಲೇ ಹಾಲು ಗರಣೆಗಟ್ಟಿ ಬಿದ್ದಿತ್ತು. ತೊಟ್ಟು ಒರೆಸಿ, ಮುಲಾಮು ಏರಿಸಿ, ಮೇಲಕ್ಕೆ ನೀವಿದ್ದಳು. ಮದ್ದು ಹಾಕಿದ ಹಸುವಿನ ಗುರುತಿಗೆ ಕೆಂಪು ಪಟ್ಟಿ ಕಟ್ಟುವುದೊಂದು ಮರೆತಿದ್ದಳು. ಔಷಧಿಯ ಹಾಲು ಸೇರಿದ್ದರೆ ಇಡೀ ಟ್ಯಾಂಕು ಚರಂಡಿ ಪಾಲಾಗುತ್ತಿತ್ತು.

"ಜ್ವರ ಧಣಿ. ತಲೆ ಓಡ್ನಿಲ್ಲ."

"ನಿಂಗೆ ತಲೆ ಬೇರೆ ಐತಾ? ಗ್ವಾಟೆಮಾಲಾ ಗುಡ್ಡದ ಮೃಗ! ಪಟ್ಟಿ ಕಟ್ಟಿದ್ದು ಹಾಲು ಕರೆಯೋ ಸಾಲಿಗೆ ಬರಂಗಿಲ್ಲ. ಐದು ದಿನ ಹುಲ್ಲಿನ ಮ್ಯಾಲೆ ಮಲಗ್ಬೇಕು. ಪಾಪ, ಮೂಕಪ್ರಾಣಿ, ಎಷ್ಟು ನೋಯ್ತದೋ!"

ಅವನು ಹಸುವಿನ ಬೆನ್ನು ಸವರಿದ. ಮಿಕಾಯೆಲಾಳ ಎಡಮೊಲೆಯೂ ಕಲ್ಲಾಗಿ ಸುಡುತ್ತಿತ್ತು. ಹೆತ್ತು ಏಳು ವಾರ. ಪಾಳಿಯ ನಡುವೆ ಕೂಸಿಗೆ ಹಾಲೂಡಲು ಬಿಡುವಿಲ್ಲದೆ ಹಾಲು ಕಟ್ಟಿಕೊಂಡಿತ್ತು. ಕೂಸು ಆಳುಗಳ ಟ್ರೈಲರ್ ಮನೆಯಲ್ಲಿ, ಪಕ್ಕದ ಮನೆಯವಳ ಮಡಿಲಲ್ಲಿ ಅಳುತ್ತಿತ್ತು.

"ಧಣಿ, ನಂಗೂ ಅದೇ ಬಾವು. ನಿಮ್ ಗಾಡೀಲಿ ಆಸ್ಪತ್ರೆಗೆ ಬುಡಿ. ಇವತ್ತೊಂದಿನ."

"ನೂರೈವತ್ತು ಹಸ ಕಾಯ್ತಾ ಅವೆ, ಇವ್ಳ ಮೊಲೆ ನೋಡ್ಕೊಂಡು ಕೂರ್ಲಾ? ಹಸಿನ ಮುಲಾಮೇ ಹಚ್ಕೊ ಹೋಗು!" ನಗುತ್ತ ಹೊರಟುಹೋದ.

ಮಿಕಾಯೆಲಾಳ ಜೊತೆ ಕರೆಯುತ್ತಿದ್ದ ಮುದುಕ ಆನ್ಸೆಲ್ಮೊ ಪಿಸುಗುಟ್ಟಿದ: "ಬಡವನ ಕೋಪ ದವಡೆಗೆ ಮೂಲ ಕಣ್ ತಂಗಿ. ತಿರುಗಿ ಮಾತಾಡಿದ್ರೆ ಪೋಲೀಸ್ರಿಗೆ ಹಿಡ್ಕೊಡ್ತಾನೆ. ನಮಗೆ ಈ ದೇಶದ ಕಾಗದಪತ್ರ ಇಲ್ಲ, ಗಡಿ ಆಚೆ ಎಸೀತಾರೆ."

"ಕೂಸಿಗೆ ಹಾಲೇ ಇಲ್ದಿದ್ಮೇಲೆ ಯಾವ ಕಡೆ ಇದ್ರೇನಣ್ಣ?"

ಅವಳಿಗೆ ಅಳು ಬಂತು. ಅತ್ತುಕೊಂಡೇ ಗೋಡೆಯ ಮೊಳೆಯಿಂದ ಎರಡು ಕೆಂಪು ಪಟ್ಟಿ ತೆಗೆದಳು. ಒಂದನ್ನು ಹಸುವಿಗೆ ಕಟ್ಟಿದಳು. ಇನ್ನೊಂದನ್ನು ತನ್ನ ರಬ್ಬರ್ ಬೂಟಿನ ಮೇಲೆ ಬಿಗಿದು ಕಟ್ಟಿಕೊಂಡಳು. ಹಸುವನ್ನು ಕಾಯಿಲೆ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ, ಅದರ ಪಕ್ಕದಲ್ಲೇ ಒಣಹುಲ್ಲಿನ ಮೇಲೆ ಮಲಗಿದಳು.

ಯಂತ್ರದ ಸದ್ದು ನಿಂತದ್ದು ಕೇಳಿ ಧಣಿ ಓಡಿಬಂದ. "ಏಳೇ ಮೇಲೆ! ಏಳೇ ಮುಂಡೆ!"

"ಪಟ್ಟಿ ಕಟ್ಟಿದ್ದು ಸಾಲಿಗೆ ಬರಂಗಿಲ್ಲ ಧಣಿ. ನೀವೇ ಯೋಳಿದ್ದು."

ಅವನು ಕೈಯೆತ್ತಿದ. ಆನ್ಸೆಲ್ಮೊ ಬಂದು ನಡುವೆ ಅಡ್ಡ ನಿಂತ. ಮುದುಕನ ಬೂಟಿನ ಮೇಲೂ ಕೆಂಪು ಪಟ್ಟಿಯಿತ್ತು.

ಹೊರಗೆ ಹಿಮದಲ್ಲಿ, ಕೆಚ್ಚಲು ತುಂಬಿದ ಹಸುಗಳು ಒಂದೇ ಸಮನೆ ಕೂಗತೊಡಗಿದವು. ಕೂಸು ಹಾಲು ಕುಡಿಯುವ ಹೊತ್ತಾಗಿತ್ತು. ಮಿಕಾಯೆಲಾಳ ಬಲಮೊಲೆಯಿಂದ ಹಾಲು ತಾನಾಗಿ ಇಳಿದು, ಅಂಗಿ ನೆನೆಸಿ, ಹುಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು.