ಸಂಬಂಧ: ಅತ್ತೆ

ಸೊಸೆ ಎರಡನೇ ಮದುವೆಗೆ ಒಪ್ಪಿದ ದಿನವೇ ಅತ್ತೆ ಕಪಾಟಿನ ಮೇಲಿದ್ದ ತಮ್ಮ ಸೂಟ್‌ಕೇಸನ್ನು ಇಳಿಸಿ ಧೂಳು ಒರೆಸಿದರು. ಸಿಟ್ಟಿನಿಂದಲ್ಲ. ಕಾಡಿ ಬೇಡಿ ಅವಳನ್ನು ಒಪ್ಪಿಸಿದವರೇ ಅವರು. ಮಗ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಅಂತ ಈ ಪರದೇಶಕ್ಕೆ ಬಂದವರು, ಮಗ ಹೋದ ಮೇಲೆ ಸೊಸೆಯೊಬ್ಬಳನ್ನೇ ಬಿಟ್ಟು ಹೋಗಲು ಮನಸ್ಸು ಬಾರದೆ ಉಳಿದುಬಿಟ್ಟಿದ್ದರು. ಈಗ ಅವಳಿಗೊಂದು ಜೊತೆ ಸಿಕ್ಕಿತ್ತು. ಲಿಫ್ಟ್ ರಿಪೇರಿ ಮಾಡುವ, ಮಾತು ಕಡಿಮೆಯ, ಒಳ್ಳೆಯ ಮನುಷ್ಯ. ಇನ್ನು ತಮ್ಮ ಕೆಲಸ ಮುಗಿಯಿತು, ಊರಲ್ಲಿರುವ ತಮ್ಮನ ಮನೆಗೆ ಹೋಗಿ ಇದ್ದುಬಿಡೋಣ ಅಂತ ಅತ್ತೆಯ ಲೆಕ್ಕ.

ಸೊಸೆಯ ಲೆಕ್ಕ ಬೇರೆ ಇತ್ತು. ಅತ್ತೆ ಇಲ್ಲೇ ಉಳಿಯಬೇಕಾದರೆ, ಅವರ ಹೊಣೆ ತನ್ನದು ಅಂತ ಅವಳು ರಾಯಭಾರ ಕಚೇರಿಯಲ್ಲಿ ಪ್ರಮಾಣ ಮಾಡಿ, ಇಬ್ಬರೂ ರುಜು ಹಾಕಿ, ಮೊಹರು ಒತ್ತಿಸಿಕೊಂಡು ಬರಬೇಕಿತ್ತು.

"ಪತ್ರ ಬರೆಸಿದ್ದೀನಿ. ಬಂದು ಕೇಳಿ. ಇಷ್ಟ ಇಲ್ಲದಿದ್ರೆ ರುಜು ಹಾಕಬೇಡಿ" ಅಂದಳು ಸೊಸೆ.

"ಬರ್ತೀನಿ. ಆಫೀಸರ ಮುಂದೇನೇ ಬೇಡ ಅಂತೀನಿ. ಆಗಲಾದ್ರೂ ನಿನ್ನ ಬಾಯಿ ಮುಚ್ಚುತ್ತೆ" ಅಂದರು ಅತ್ತೆ.

ಕಚೇರಿಯ ಹಾಲ್‌ನಲ್ಲಿ ಸಾಲಾಗಿ ಕಬ್ಬಿಣದ ಕುರ್ಚಿಗಳು, ಗಾಜಿನ ಕಿಟಕಿಗಳು, ಕಡತ ಎದೆಗವಚಿಕೊಂಡು ಕೂತ ಜನ. ಇವರ ಸರದಿ ಬಂದಾಗ ಕಿಟಕಿಯಾಚೆಯ ಅಧಿಕಾರಿಣಿ ಪತ್ರ ಓದಿ, ಅತ್ತೆಯನ್ನು ಏನೋ ಕೇಳಿದರು. ಆಕೆಗೆ ಕನ್ನಡ ಬಾರದು, ಅತ್ತೆಗೆ ಆಕೆಯ ಮಾತು ತಿಳಿಯದು. ಸೊಸೆ ಅನುವಾದಿಸಲು ಹೋದರೆ ಆಕೆ ಕೈ ಅಡ್ಡ ಹಿಡಿದರು. ಪತ್ರ ಬರೆಸಿದವಳೇ ಅದರ ಅರ್ಥ ಹೇಳುವ ಹಾಗಿಲ್ಲ, ಹೊರಗಿನವರೇ ಆಗಬೇಕು.

ಸೊಸೆ ಹಿಂದೆ ತಿರುಗಿ, ಹಾಲ್‌ಗೆಲ್ಲ ಕೇಳುವ ಹಾಗೆ, "ಇಲ್ಲಿ ಕನ್ನಡ ಬರೋರು ಯಾರಾದ್ರೂ ಇದ್ದೀರಾ?" ಅಂತ ಕೂಗಿದಳು.

ಕೊನೆಯ ಸಾಲಿನಿಂದ ಗಟ್ಟಿಮುಟ್ಟಾದ ಮನುಷ್ಯನೊಬ್ಬ, ಸ್ಕೂಲಿನಲ್ಲಿ ಮೇಷ್ಟ್ರು ಹೆಸರು ಕರೆದ ಹಾಗೆ, ಕೈಯೆತ್ತಿ ಎದ್ದುನಿಂತ. ಬಂದರಿನಲ್ಲಿ ಕ್ರೇನ್ ನಡೆಸುವುದು ಅವನ ಕೆಲಸವಂತೆ. ಕಿಟಕಿಯ ಹತ್ತಿರ ಬಂದು, ಪತ್ರ ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಇದರಲ್ಲಿ ಇವರು ಏನು ಹೇಳಿದ್ದಾರೆ ಅಂದ್ರೆ, ನೀವು ಇವರ ಅತ್ತೆ. ನಿಮ್ಮ ಊಟ, ಮನೆ, ಔಷಧಿ ಎಲ್ಲ ಇವರ ಹೊಣೆ. ತಾನು ಬೇರೆ ಮದುವೆ ಆದ್ರೂ ಈ ಹೊಣೆ ಬದಲಾಗಲ್ಲ. ನೀವು ಇವರ ಮೇಲೆ ಅವಲಂಬಿತರು."

"ಅವಲಂಬಿತರಾ?" ಅತ್ತೆಯ ಹುಬ್ಬು ಏರಿತು. "ಬಾಯಲ್ಲಿರೋ ಹಲ್ಲಿನ ಸೆಟ್ಟು ಇವಳು ಮಾಡಿದ್ದು, ಒಪ್ತೀನಿ. ಹಲ್ಲು ಕಟ್ಟೋ ಲ್ಯಾಬಲ್ಲಿ ಇವಳಿಗೆ ಒಳ್ಳೆ ಹೆಸರಿದೆ. ಆದ್ರೆ ಬೆಳಿಗ್ಗೆ ಇವಳನ್ನ ಎಬ್ಬಿಸಿ ಆ ಲ್ಯಾಬಿಗೆ ಕಳಿಸೋರು ಯಾರು, ಕೇಳಿ ಮತ್ತೆ!"

ಕ್ರೇನಿನವ ಸೊಸೆಯ ಮುಖ ನೋಡಿದ. "ಇದನ್ನೂ ಹೇಳಲಾ?"

"ಎಲ್ಲಾ ಹೇಳಪ್ಪಾ" ಅಂದರು ಅತ್ತೆ.

ಅವನು ಹೇಳಿದ. ಅಧಿಕಾರಿಣಿಯ ತುಟಿಯಂಚು ಸ್ವಲ್ಪ ಅಲುಗಿತು. ಆದರೂ ಕೇಳಬೇಕಾದ್ದನ್ನು ಕೇಳಿದರು. ಇದು ನಿಮ್ಮ ಇಷ್ಟವೇ?

"ಅಲ್ಲ" ಅಂದರು ಅತ್ತೆ.

ಅಧಿಕಾರಿಣಿ ಕೈಯಲ್ಲಿದ್ದ ಮೊಹರನ್ನು ಕೆಳಗಿಟ್ಟರು. ಊಟದ ಹೊತ್ತಿನ ತನಕ ಕಿಟಕಿ ತೆರೆದಿರುತ್ತೆ, ಕೂತು ಮಾತಾಡಿಕೊಂಡು ಬನ್ನಿ ಅಂತ ಹೇಳಿ ಕಳಿಸಿದರು.

ಇಬ್ಬರೂ ಮೂಲೆಯ ಕುರ್ಚಿಗಳಲ್ಲಿ ಕೂತರು. ಕ್ರೇನಿನವ ಸ್ವಲ್ಪ ದೂರ ಹೋಗಿ, ಬೆಂಕಿ ನಂದಿಸುವ ಸಿಲಿಂಡರಿನ ಮೇಲೆ ಬರೆದಿದ್ದ ಸೂಚನೆಗಳನ್ನು ಪರೀಕ್ಷೆಗೆ ಓದುವವನಂತೆ ಓದತೊಡಗಿದ.

"ನೋಡು" ಅಂದರು ಅತ್ತೆ, ದನಿ ತಗ್ಗಿಸಿ. "ನಾನು ಮನೇಲಿದ್ರೆ, ಆ ಹುಡುಗ ದಿನಾ ನನ್ನ ಮುಖದಲ್ಲಿ ನಿನ್ನ ಹಳೇ ಗಂಡನ್ನ ನೋಡಬೇಕು. ನೀನೂ ನೋಡಬೇಕು. ಹೊಸದಾಗಿ ಸಂಸಾರ ಹೂಡೋರಿಗೆ ಈ ಕಷ್ಟ ಯಾಕೆ?"

 ಸೊಸೆಯ ಕೈಯಲ್ಲಿದ್ದ ಟೋಕನ್ ಚೀಟಿ ಮಡಚಿ ಮಡಚಿ ಮೆತ್ತಗಾಗಿತ್ತು.

"ಅವರ ಮೂಗು ನಿಮ್ಮದೇ. ನಗುವಾಗ ಕಣ್ಣು ಮುಚ್ಚಿಹೋಗೋದೂ ನಿಮ್ಮದೇ. ನಂಗೆ ನೋಡೋಕೆ ಉಳಿದಿರೋದು ಅಷ್ಟೇ ಅತ್ತೆ. ಅದನ್ನೂ ತಗೊಂಡು ಹೊರಟುಬಿಡ್ತೀರಾ?"

ಅತ್ತೆ ಮುಖ ಆಚೆ ತಿರುಗಿಸಿದರು. ಸೆರಗು ಹುಡುಕಿದರು, ಕೋಟಿನೊಳಗೆ ಸಿಕ್ಕಿಕೊಂಡಿತ್ತು. ಸೊಸೆಯ ಶಾಲಿನ ತುದಿಯನ್ನೇ ಎಳೆದು ಕಣ್ಣೊರೆಸಿಕೊಂಡರು.

"ಆ ಹುಡುಗ ಏನಂತಾನೆ?"

"'ನಿಮ್ಮ ಅತ್ತೆ ನನಗೇನಾಗಬೇಕು' ಅಂತ ಕೇಳಿದ್ರು. ನಂಗೂ ಹೊಳೀಲಿಲ್ಲ. ಆಮೇಲೆ ಅವರೇ ಯೋಚಿಸಿ, 'ಹೆಂಡತಿಯ ತಾಯಿ ಅಂತ ಇಟ್ಟುಕೊಂಡರೆ ನನಗೂ ಅತ್ತೆನೇ ಅಲ್ವಾ' ಅಂದ್ರು."

"ಬುದ್ಧಿವಂತ" ಅಂದರು ಅತ್ತೆ. ಮೂಗೆಳೆದುಕೊಂಡು, "ಮಾತು ಕಡಿಮೆ ಅಂದುಕೊಂಡಿದ್ದೆ" ಅಂತ ಸೇರಿಸಿದರು.

ಮತ್ತೆ ಕಿಟಕಿಗೆ ಹೋದಾಗ ಸೊಸೆಗೆ ಹೊಸದೊಂದು ಆಸೆ ಹುಟ್ಟಿತ್ತು. ಸಂಬಂಧ ಅನ್ನುವ ಕಡೆ 'ತಾಯಿ' ಅಂತ ತಿದ್ದಬಹುದಾ ಅಂತ ಕೇಳಿದಳು. ಪ್ರಮಾಣಪತ್ರದಲ್ಲಿ ಇಲ್ಲದ್ದನ್ನು ಬರೆಯುವ ಹಾಗಿಲ್ಲ ಅಂದರು ಅಧಿಕಾರಿಣಿ, ಮೆತ್ತಗೆ. ಕ್ರೇನಿನವ ಅತ್ತೆಗೆ ಅದನ್ನು ತಿಳಿಸಿದ.

"ತಿದ್ದೋದೇನೂ ಬೇಡ" ಅಂದರು ಅತ್ತೆ. "ತಾಯಿ ಆಗೋಕೆ ನಂಗೆ ಒಂಬತ್ತು ತಿಂಗಳು ಸಾಕಾಯ್ತು. ಇವಳಿಗೆ ಅತ್ತೆ ಆಗೋಕೆ ಎಷ್ಟು ವರ್ಷ ಒದ್ದಾಡಿದ್ದೀನಿ, ಎಷ್ಟು ಸಲ ಇಬ್ಬರೂ ಮುಖ ಊದಿಸಿಕೊಂಡಿದ್ದೀವಿ, ಇವಳನ್ನೇ ಕೇಳಿ. ಅಷ್ಟು ಕಷ್ಟಪಟ್ಟು ಸಂಪಾದಿಸಿದ್ದನ್ನ ಬಿಡ್ತೀನಾ? ಅತ್ತೆ ಅಂತಲೇ ಇರಲಿ. ಎಲ್ಲಿ, ಪೆನ್ನು ಕೊಡಿ."

ಕ್ರೇನಿನವ ಅನುವಾದಿಸಲು ಬಾಯಿ ತೆರೆದ, ಅರ್ಧಕ್ಕೇ ನಿಂತ. ಅಧಿಕಾರಿಣಿ ಕಾದರು. ಅವನು ಮತ್ತೆ ಮೊದಲಿನಿಂದ ಹೇಳಿದ. ಮೊಹರು ಬಿತ್ತು.

ಆಗಲೇ ಗೊತ್ತಾದದ್ದು, ಈ ಗಲಾಟೆಯಲ್ಲಿ ಅವನ ಸರದಿ ದಾಟಿಹೋಗಿತ್ತು. ಊರಲ್ಲಿ ಹೆಂಡತಿ ಹೆತ್ತಿದ್ದಳು. ಮಗುವಿನ ಪಾಸ್‌ಪೋರ್ಟಿಗೆ ತಂದೆಯ ಒಪ್ಪಿಗೆ ಪತ್ರ ಬೇಕಿತ್ತು. ಅವನು ಮಗುವನ್ನು ಇನ್ನೂ ಫೋನಿನಲ್ಲಷ್ಟೇ ನೋಡಿದ್ದ. ಇನ್ನು ಮಧ್ಯಾಹ್ನದ ಮೇಲೆ ಹೊಸ ಟೋಕನ್.

"ಹಾಗಾದ್ರೆ ನಾವೂ ಇರ್ತೀವಿ" ಅಂದರು ಅತ್ತೆ. ಅವನು ಬೇಡವೆಂದರೂ ಕೇಳದೆ, ಎದುರಿನ ಪಾರ್ಕಿನ ಬೆಂಚಿನಲ್ಲಿ ಬುತ್ತಿ ಬಿಚ್ಚಿ ಮೂರು ಪಾಲು ಮಾಡಿದರು. ಅವನ ಫೋನ್ ಇಸಿದುಕೊಂಡು ಕೂಸಿನ ಫೋಟೋ ದೊಡ್ಡದು ಮಾಡಿ ನೋಡಿ, "ಕಿವಿ ಮಾತ್ರ ನಿಂದೇ ಬಂದಿದೆ, ಪಾಪ" ಅಂದರು. ಮಧ್ಯಾಹ್ನ ಅವನ ಪತ್ರಕ್ಕೆ ಸಾಕ್ಷಿ ಕೇಳಿದಾಗ ಸೊಸೆ ರುಜು ಹಾಕಿದಳು.

ಮದುವೆ ಸರಳವಾಗಿ ಆಯಿತು. ಮನೆಗೆ ಬಂದ ಹೊಸ ಅಳಿಯನಿಗೂ ಅತ್ತೆಗೂ ಮೊದಲ ವಾರದಲ್ಲೇ ಜಗಳ ಹತ್ತಿಕೊಂಡಿತು. ಅವನು ಹೇಳದೆ ಕೇಳದೆ ಅವರ ಕೋಣೆಯ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟುಬಿಟ್ಟಿದ್ದ. "ಸದ್ದಿಲ್ಲದೆ ಬಾಗಿಲು ತೆಗೆದು ಒಳಗೆ ಬಂದ್ರೆ ಎದೆ ಒಡೆದುಹೋಗಲ್ವಾ?" ಅಂತ ಅತ್ತೆ ಎರಡು ದಿನ ಮುಖ ಊದಿಸಿಕೊಂಡರು. ಅಡುಗೆಮನೆಯಲ್ಲಿ ನಿಂತು ಇಬ್ಬರ ವಾದ ಕೇಳುತ್ತಿದ್ದ ಸೊಸೆ ಯಾರ ಪರವನ್ನೂ ವಹಿಸಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತಿದ್ದದ್ದೂ ಅವಳಿಗೆ ಕಾಣಲಿಲ್ಲ.